ಕಂಪನಿಯ ಹಕ್ಕು, ಕಂಪನಿಯ ಹೊಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬದುಕುವವರ ಸಂಬಳದ ಚೀಟಿಯಿಂದ ರಾತ್ರಿಯ ಊಟದ ಬಿಲ್ಲಿನವರೆಗೆ ಎಲ್ಲೆಡೆ ಯಾವುದಾದರೊಂದು ಕಂಪನಿಯ ಹೆಸರು ಇದ್ದೇ ಇರುತ್ತದೆ. ಆ ಕಂಪನಿಗೆ ಕಾನೂನಿನಲ್ಲಿ ಯಾವ ಸ್ಥಾನವಿದೆ, ಅದು ಸರ್ಕಾರದ ಎದುರು ಯಾವ ಹಕ್ಕನ್ನು ಮುಂದಿಡಬಹುದು, ತಪ್ಪಾದಾಗ ಯಾರನ್ನು ಹಿಡಿದು ಕೇಳಬೇಕು ಎಂಬ ವಿಷಯಗಳಲ್ಲಿ ಕಾನೂನು ಓದದವರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಿಮ್ಮದೇ ವ್ಯಾಜ್ಯವೊಂದಿದ್ದರೆ ಅದಕ್ಕೆ ವಕೀಲರ ಸಲಹೆಯೇ ಬೇಕು.

ಕಂಪನಿಯನ್ನು ಕಾನೂನು ‘ವ್ಯಕ್ತಿ’ ಎಂದು ಕರೆಯುವುದೇಕೆ?

ಆಸ್ತಿ ಕೊಳ್ಳಲು, ಕರಾರು ಮಾಡಿಕೊಳ್ಳಲು, ದಾವೆ ಹೂಡಲು ಮತ್ತು ದಾವೆಗೆ ಗುರಿಯಾಗಲು ಒಂದು ಹೆಸರು ಬೇಕು, ಆ ಹೆಸರು ಸದಸ್ಯರು ಬದಲಾದರೂ ಸತ್ತರೂ ಉಳಿಯಬೇಕು ಎಂಬ ಕಾರಣಕ್ಕೆ. ಇದು ನಮಗೆ ಅಪರಿಚಿತ ಕಲ್ಪನೆಯೇನಲ್ಲ. ದೇವಸ್ಥಾನದ ಜಮೀನು ದೇವರ ಹೆಸರಿನಲ್ಲಿರುವುದನ್ನು, ಅರ್ಚಕರು ಬದಲಾದರೂ ಆ ಒಡೆತನ ಬದಲಾಗದಿರುವುದನ್ನು ನಾವು ತಲೆಮಾರುಗಳಿಂದ ನೋಡಿದ್ದೇವೆ. ಹಿಂದೂ ದೇವತಾ ವಿಗ್ರಹವು ಕಾನೂನಿನ ಕಣ್ಣಿನಲ್ಲಿ ವ್ಯಕ್ತಿ ಎಂಬುದನ್ನು ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1925ರಲ್ಲೇ ಸ್ಪಷ್ಟವಾಗಿ ಹೇಳಿತ್ತು. 1897ರ ಸಾಮಾನ್ಯ ಖಂಡಗಳ ಅಧಿನಿಯಮವು ‘ವ್ಯಕ್ತಿ’ ಎಂಬುದರೊಳಗೆ ಕಂಪನಿಯನ್ನೂ ಸೇರಿಸುತ್ತದೆ, 2013ರ ಕಂಪನಿಗಳ ಅಧಿನಿಯಮದ 9ನೇ ಸೆಕ್ಷನ್ ನೋಂದಣಿಯಾದ ದಿನದಿಂದ ಕಂಪನಿಗೆ ಈ ಪ್ರತ್ಯೇಕ ಅಸ್ತಿತ್ವವನ್ನು ಕೊಡುತ್ತದೆ.

ಇಷ್ಟರಿಂದಲೇ ಕಂಪನಿಗೆ ಮನುಷ್ಯನಿಗಿರುವ ಎಲ್ಲ ಹಕ್ಕುಗಳೂ ಬಂದುಬಿಡುವುದಿಲ್ಲ. ‘ಕಂಪನಿ ವ್ಯಕ್ತಿಯೋ ಅಲ್ಲವೋ’ ಎಂಬ ಚರ್ಚೆ ಕೇಳಲು ಸೊಗಸಾಗಿದ್ದರೂ ಅದರಿಂದ ಯಾವ ಮೊಕದ್ದಮೆಯೂ ತೀರ್ಮಾನವಾಗುವುದಿಲ್ಲ. ಯಾವ ಹಕ್ಕು, ಅದನ್ನು ಯಾರ ಹೆಸರಿನಲ್ಲಿ ಕೇಳಲಾಗುತ್ತಿದೆ, ಅದಕ್ಕೆ ಪ್ರತಿಯಾಗಿ ಯಾವ ಹೊಣೆ ಇದೆ ಎಂಬ ಮೂರು ಪ್ರಶ್ನೆಗಳೇ ಕೊನೆಗೆ ಮುಖ್ಯವಾಗುತ್ತವೆ.

ನಮ್ಮ ನೆಲದಲ್ಲಿ ಇದು ಯಾವಾಗ ಆರಂಭವಾಯಿತು?

1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿಯ ಸನದು ಪಡೆದ ಈಸ್ಟ್ ಇಂಡಿಯಾ ಕಂಪನಿಯಿಂದ. ಸೈನ್ಯ ಕಟ್ಟಿ, ಕಂದಾಯ ಎತ್ತಿ, ನ್ಯಾಯ ಹೇಳಿದ ಕಂಪನಿಯನ್ನು ಜಗತ್ತು ಬೇರೆಲ್ಲೂ ಆ ಪ್ರಮಾಣದಲ್ಲಿ ಕಂಡಿಲ್ಲ. ಇಂದು ಕೆ.ಆರ್. ಮಾರುಕಟ್ಟೆಯ ಪಕ್ಕದಲ್ಲಿ ಅಳಿದುಳಿದಿರುವ ಬೆಂಗಳೂರು ಕೋಟೆಯನ್ನು 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ನೇತೃತ್ವದಲ್ಲಿ ಗೆದ್ದದ್ದು ಷೇರುದಾರರಿಗೆ ಲಾಭಾಂಶ ಹಂಚುತ್ತಿದ್ದ ಒಂದು ವ್ಯಾಪಾರಿ ಸಂಸ್ಥೆಯ ಸೇನೆ ಎಂಬುದನ್ನು ಶಾಲೆಯ ಪಠ್ಯಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ. ಆ ಕಂಪನಿಯನ್ನು ಹದ್ದುಬಸ್ತಿನಲ್ಲಿಡಲು ಬ್ರಿಟಿಷ್ ಸಂಸತ್ತು 1773ರಲ್ಲಿ ನಿಯಂತ್ರಣ ಕಾಯ್ದೆ ತಂದಿತು. 1858ರಲ್ಲಿ ಆಡಳಿತವನ್ನೇ ಕಿತ್ತುಕೊಂಡಿತು. ಕಂಪನಿಗಳನ್ನು ನಿಯಂತ್ರಿಸಬೇಕೆ ಎಂಬ ಚರ್ಚೆಯನ್ನು ಈ ಕಾಲದ ಹೊಸ ತಲೆನೋವು ಎಂದುಕೊಳ್ಳುವವರು ಈ ದಿನಾಂಕಗಳನ್ನು ಗಮನಿಸಬೇಕು.

ನಮ್ಮಲ್ಲಿ ಕಂಪನಿ ನೋಂದಣಿಗೆ ಮೊದಲ ಕಾಯ್ದೆ ಬಂದದ್ದು 1850ರಲ್ಲಿ, ಸೀಮಿತ ಹೊಣೆಗಾರಿಕೆಯನ್ನು, ಅಂದರೆ ಷೇರಿಗೆ ಹಾಕಿದ ಹಣಕ್ಕಿಂತ ಹೆಚ್ಚಿನ ಹೊಣೆ ಷೇರುದಾರನಿಗಿಲ್ಲ ಎಂಬುದನ್ನು, ಒಪ್ಪಿದ್ದು 1857ರಲ್ಲಿ. 1896ರಲ್ಲಿ ಲಂಡನ್ನಿನ ಸಾಲೊಮನ್ ಪ್ರಕರಣದಲ್ಲಿ, ಬಹುತೇಕ ಎಲ್ಲ ಷೇರುಗಳೂ ಒಬ್ಬನ ಕೈಯಲ್ಲೇ ಇದ್ದರೂ ಅವನೇ ಬೇರೆ, ಅವನ ಕಂಪನಿಯೇ ಬೇರೆ ಎಂದು ತೀರ್ಪಾಯಿತು. ಕಂಪನಿ ಕಾನೂನಿನ ತರಗತಿಗಳಲ್ಲಿ ಇಂದಿಗೂ ಮೊದಲು ಓದಿಸುವುದು ಈ ತೀರ್ಪನ್ನೇ.

ಸಂವಿಧಾನದ ಮೂಲಭೂತ ಹಕ್ಕುಗಳು ಕಂಪನಿಗೂ ಇವೆಯೆ?

ಕೆಲವು ಇವೆ, ಕೆಲವು ಇಲ್ಲ. ಕಾನೂನಿನ ಮುಂದೆ ಸಮಾನತೆಯನ್ನು ಹೇಳುವ 14ನೇ ವಿಧಿ ಯಾವುದೇ ವ್ಯಕ್ತಿಗೆ ಅನ್ವಯಿಸುವುದರಿಂದ ಕಂಪನಿಯೂ ಅದರ ಆಸರೆ ಪಡೆಯಬಹುದು. ಕಾನೂನಿನ ಅಧಿಕಾರವಿಲ್ಲದೆ ಯಾವ ವ್ಯಕ್ತಿಯ ಆಸ್ತಿಯನ್ನೂ ಕಸಿಯಬಾರದೆನ್ನುವ 300ಎ ವಿಧಿಯದೂ ಇದೇ ಕಥೆ. ಆದರೆ ಮಾತು, ಸಂಘಟನೆ, ಸಂಚಾರ, ಉದ್ಯೋಗ, ವ್ಯಾಪಾರಗಳ ಸ್ವಾತಂತ್ರ್ಯವನ್ನು ಕೊಡುವ 19ನೇ ವಿಧಿ ನಾಗರಿಕರಿಗಷ್ಟೇ ಮೀಸಲು. 1963ರಲ್ಲಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ವಿಸ್ತೃತ ಪೀಠವು ಬಹುಮತದಿಂದ ಕಂಪನಿ ನಾಗರಿಕನಲ್ಲ ಎಂದಿತು. ಅದರ ಮರುವರ್ಷ ಟಾಟಾ ಎಂಜಿನಿಯರಿಂಗ್ ಪ್ರಕರಣದಲ್ಲಿ, ನಮ್ಮ ಷೇರುದಾರರೆಲ್ಲ ನಾಗರಿಕರಲ್ಲವೇ, ಕಂಪನಿಯ ಮುಸುಕು ಸರಿಸಿ ಅವರನ್ನು ನೋಡಿ ಎಂಬ ವಾದವನ್ನೂ ಕೋರ್ಟ್ ತಳ್ಳಿಹಾಕಿತು. ಪ್ರತ್ಯೇಕ ಅಸ್ತಿತ್ವದ ಲಾಭವನ್ನು ಬಯಸಿ ಪಡೆದವರು ಅದರ ನಷ್ಟ ಬಂದಾಗ ಮಾತ್ರ ಅದನ್ನು ಕಳಚಿಡಲಾಗದು ಎಂಬುದು ಆ ತರ್ಕದ ತಿರುಳು. ನನ್ನ ದೃಷ್ಟಿಯಲ್ಲಿ ಅದು ಇಂದಿಗೂ ಗಟ್ಟಿಯಾದ ತರ್ಕ.

ಹಾಗಿದ್ದರೆ ಕಂಪನಿಗಳು 19ನೇ ವಿಧಿಯ ಹೆಸರಿನಲ್ಲಿ ಗೆಲ್ಲುತ್ತಿರುವುದು ಹೇಗೆ?

ಅರ್ಜಿಯಲ್ಲಿ ಕಂಪನಿಯ ಜೊತೆಗೆ ಒಬ್ಬ ನಾಗರಿಕನನ್ನು, ಷೇರುದಾರನನ್ನೋ ನಿರ್ದೇಶಕನನ್ನೋ ಸಂಪಾದಕನನ್ನೋ, ಅರ್ಜಿದಾರನನ್ನಾಗಿ ನಿಲ್ಲಿಸುವ ಮೂಲಕ. 1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅದನ್ನು ಪ್ರಶ್ನಿಸಿದ್ದು ಬ್ಯಾಂಕಲ್ಲ, ಷೇರುದಾರರೂ ನಿರ್ದೇಶಕರೂ ಆಗಿದ್ದ ಆರ್.ಸಿ. ಕೂಪರ್. ಕಂಪನಿಗೆ ಬಿದ್ದ ಪೆಟ್ಟು ಷೇರುದಾರನ ಸ್ವಂತ ಹಕ್ಕಿಗೂ ತಗಲಿದರೆ ಅವನು ಕೋರ್ಟಿಗೆ ಬರಬಹುದೆಂದು 1970ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆ ಕಾಯ್ದೆ ಬಿದ್ದುಹೋಯಿತು, ಸರ್ಕಾರ ಅದೇ ವರ್ಷ ಹೊಸದನ್ನು ತಂದಿತು. 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ಸುದ್ದಿಕಾಗದದ ಹಂಚಿಕೆಯನ್ನೂ ಪತ್ರಿಕೆಗಳ ಪುಟಸಂಖ್ಯೆಯನ್ನೂ ಮಿತಿಗೊಳಿಸುವ ನೀತಿ ರದ್ದಾದದ್ದು ಇದೇ ದಾರಿಯಲ್ಲಿ. 1995ರ ಟಾಟಾ ಪ್ರೆಸ್ ತೀರ್ಪು ಜಾಹೀರಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆಯನ್ನು ವಿಸ್ತರಿಸಿತು.

ಕನ್ನಡಿಗರಿಗೆ ನೇರವಾಗಿ ತಾಗಿದ್ದು ಭಾಷಾ ಮಾಧ್ಯಮದ ಪ್ರಕರಣ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಬೇಕೆಂಬ ಕರ್ನಾಟಕದ 1994ರ ಆದೇಶದ ವಿರುದ್ಧದ ಹೋರಾಟವನ್ನು ಮುನ್ನಡೆಸಿದ್ದು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳ ಒಕ್ಕೂಟ. 2014ರ ಮೇ 6ರಂದು ಸಂವಿಧಾನ ಪೀಠವು, ಮಾಧ್ಯಮದ ಆಯ್ಕೆ ಮಗುವಿನ ಅಥವಾ ಅದರ ಪರವಾಗಿ ಪೋಷಕರ ವಾಕ್ ಸ್ವಾತಂತ್ರ್ಯದ ಭಾಗವೆಂದೂ, ಅನುದಾನರಹಿತ ಶಾಲೆ ನಡೆಸುವ ಸ್ವಾತಂತ್ರ್ಯದಲ್ಲಿ ಮಾಧ್ಯಮವನ್ನು ಆರಿಸುವ ಹಕ್ಕೂ ಅಡಗಿದೆಯೆಂದೂ ಹೇಳಿತು. ಶಾಲೆ ನಡೆಸುವ ಸಂಸ್ಥೆ ಕಂಪನಿಯಲ್ಲದಿರಬಹುದು. ಆದರೆ ಸಂಸ್ಥೆಯ ಹಿತವೂ ನಾಗರಿಕನ ಹಕ್ಕೂ ಒಂದೇ ಅರ್ಜಿಯಲ್ಲಿ ಹೆಣೆದುಕೊಂಡಾಗ ರಾಜ್ಯದ ನೀತಿ ಹೇಗೆ ಕುಸಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಸಿಗುವುದಿಲ್ಲ. ಪೋಷಕರ ಆಯ್ಕೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆ ಆಯ್ಕೆ ಯಾರ ಖರ್ಚಿನಲ್ಲಿ, ಯಾರ ಲಾಭಕ್ಕಾಗಿ ವಾದವಾಗಿ ಮಂಡನೆಯಾಯಿತು ಎಂಬುದು ಬೇರೆಯದೇ ಪ್ರಶ್ನೆ.

ವಿದೇಶಿ ಕಂಪನಿಗೂ ಈ ದಾರಿ ತೆರೆದಿದೆಯೆ?

ಅಷ್ಟು ಸುಲಭವಾಗಿ ಇಲ್ಲ ಎಂಬುದನ್ನು ಬೆಂಗಳೂರಿನಲ್ಲೇ ಎರಡು ಬಾರಿ ಹೇಳಲಾಗಿದೆ. ಖಾತೆ, ಬರಹಗಳನ್ನು ತಡೆಯುವಂತೆ ಕೇಂದ್ರ ಸರ್ಕಾರ ಹೊರಡಿಸಿದ್ದ ನಿರ್ಬಂಧ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿತು. ಆ ಹೊತ್ತಿಗಾಗಲೇ ಹೆಸರು ಬದಲಿಸಿಕೊಂಡಿದ್ದ ಅದೇ ಸಂಸ್ಥೆ, ಎಕ್ಸ್ ಕಾರ್ಪ್, ಬರಹ ತೆಗೆದುಹಾಕುವಂತೆ ಸರ್ಕಾರ ವೇದಿಕೆಗಳಿಗೆ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ತಂದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾಗೊಂಡಿತು. 19ನೇ ವಿಧಿ ನಾಗರಿಕರ ರಕ್ಷಣೆಗಿರುವುದು, ನಾಗರಿಕನಲ್ಲದವರು ಅದರ ಆಶ್ರಯ ಕೇಳಲಾಗದು ಎಂದು ಏಕಸದಸ್ಯ ಪೀಠ ಹೇಳಿತು.

ಇಲ್ಲಿ ಒಂದು ತೊಡಕಿದೆ. ಅಳಿಸಿಹೋಗುವ ಬರಹ ವೇದಿಕೆಯದ್ದಲ್ಲ, ಅದನ್ನು ಬರೆದ ನಾಗರಿಕನದು. ಆದೇಶ ಹೋಗುವುದು ಕಂಪನಿಗೆ, ಅದು ಬರೆದವನ ಕೈ ಸೇರದೆಯೂ ಹೋಗಬಹುದು. ವೇದಿಕೆಗೆ ಹಕ್ಕಿಲ್ಲ, ಬರೆದವನಿಗೆ ಸುದ್ದಿಯಿಲ್ಲ ಎಂಬ ಸ್ಥಿತಿಯಲ್ಲಿ ಆ ಮಾತಿನ ಪರವಾಗಿ ನಿಲ್ಲುವವರು ಯಾರು? ಕಂಪನಿಯ ಹಕ್ಕನ್ನು ಕಿರಿದಾಗಿಸಿದರೆ ನಾಗರಿಕನ ಹಕ್ಕು ತಾನಾಗಿ ಹಿರಿದಾಗುತ್ತದೆ ಎಂಬ ನಂಬಿಕೆ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ.

ಅಮೆರಿಕದಲ್ಲಿ ಕಂಪನಿಗೆ ಮನುಷ್ಯನಷ್ಟೇ ಹಕ್ಕು ಎನ್ನುತ್ತಾರಲ್ಲ?

ಪೂರ್ತಿಯಾಗಿ ನಿಜವಲ್ಲ, ಆದರೆ ನಮಗಿಂತ ಬಹಳ ಮುಂದೆ ಹೋಗಿದೆ. 1886ರ ಸಾಂತಾ ಕ್ಲಾರಾ ರೈಲ್ವೆ ತೆರಿಗೆ ಪ್ರಕರಣದಲ್ಲಿ, ಸಮಾನ ರಕ್ಷಣೆಯ ತಿದ್ದುಪಡಿ ನಿಗಮಗಳಿಗೂ ಅನ್ವಯಿಸುತ್ತದೆಂಬ ಮಾತು ತೀರ್ಪಿನ ಒಡಲಿನಲ್ಲಿರಲಿಲ್ಲ, ವರದಿಗಾರ ಬರೆದ ತಲೆಟಿಪ್ಪಣಿಯಲ್ಲಿತ್ತು. ಮುಂದಿನ ತೀರ್ಪುಗಳು ಅದನ್ನೇ ಆಧಾರ ಮಾಡಿಕೊಂಡವು. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು ಚುನಾವಣೆಯ ಸಂದರ್ಭದಲ್ಲಿ ನಿಗಮಗಳು ಸ್ವತಂತ್ರವಾಗಿ ಮಾಡುವ ಖರ್ಚಿನ ಮೇಲಿನ ನಿಷೇಧವನ್ನು 5–4 ಬಹುಮತದಿಂದ ತೆಗೆದುಹಾಕಿತು. 2014ರ ಹಾಬಿ ಲಾಬಿ ತೀರ್ಪಿನಲ್ಲಿ, ಕೆಲವೇ ಜನರ ಒಡೆತನದ ಕಂಪನಿ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆಯ ಲಾಭ ಪಡೆಯಬಹುದೆಂದಾಯಿತು.

ನಮ್ಮಲ್ಲಿ ಕಂಪನಿಗಳು ರಾಜಕೀಯ ಪಕ್ಷಗಳಿಗೆ ಎಷ್ಟು ಬೇಕಾದರೂ ಕೊಡಬಹುದೆ?

ಕೊಡುವಂತಿಲ್ಲ. ಕಂಪನಿ ದೇಣಿಗೆ 1969ರಲ್ಲಿ ನಿಷೇಧಗೊಂಡು 1985ರಲ್ಲಿ ಮಿತಿಯೊಂದಿಗೆ ಮರಳಿ ಬಂತು. 2013ರ ಕಂಪನಿಗಳ ಅಧಿನಿಯಮ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿಯನ್ನಿಟ್ಟಿತ್ತು. 2017ರ ಹಣಕಾಸು ಅಧಿನಿಯಮ ಆ ಮಿತಿಯನ್ನು ಕಿತ್ತುಹಾಕಿ, ಯಾವ ಪಕ್ಷಕ್ಕೆ ಕೊಟ್ಟಿತೆಂದು ಲೆಕ್ಕಪತ್ರದಲ್ಲಿ ತಿಳಿಸುವ ಕಟ್ಟುಪಾಡನ್ನೂ ತೆಗೆದು, ಕೊಟ್ಟವರ ಹೆಸರು ಮತದಾರರಿಗೆ ತಿಳಿಯದ ಚುನಾವಣಾ ಬಾಂಡ್‌ಗಳಿಗೆ ದಾರಿ ಮಾಡಿತು. ಲಾಭವೇ ಇಲ್ಲದ ಕಂಪನಿಯೂ ದೇಣಿಗೆ ಕೊಡಬಹುದಾಯಿತು ಎಂಬುದನ್ನು ಗಮನಿಸಿ; ವ್ಯಾಪಾರದಲ್ಲಿ ನಷ್ಟ ಮಾಡಿಕೊಂಡ ಸಂಸ್ಥೆ ಪಕ್ಷಕ್ಕೆ ಉದಾರವಾಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವೇನಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಬಾಂಡ್ ಯೋಜನೆಯನ್ನು ಮತದಾರನ ಮಾಹಿತಿ ಹಕ್ಕಿಗೆ ವಿರುದ್ಧವೆಂದು ರದ್ದುಪಡಿಸಿತು. ಮಿತಿಯಿಲ್ಲದ ಕಂಪನಿ ದೇಣಿಗೆ ಮನಸೋ ಇಚ್ಛೆಯ ಕ್ರಮವಾಗಿದ್ದು 14ನೇ ವಿಧಿಯನ್ನು ಉಲ್ಲಂಘಿಸುತ್ತದೆ ಎಂದೂ ಹೇಳಿತು. ಕಂಪನಿಯ ಹಣಕ್ಕೂ ನಾಗರಿಕನ ದೇಣಿಗೆಗೂ ತೂಕದಲ್ಲಿ ವ್ಯತ್ಯಾಸವಿದೆ ಎಂಬ ಈ ನಿಲುವು ಅಮೆರಿಕದ ನಿಲುವಿಗೆ ಹೆಚ್ಚುಕಡಿಮೆ ಎದುರು ದಿಕ್ಕಿನದು.

ಕಂಪನಿ ಮುಳುಗಿದರೆ ಮಾಲೀಕರ ಸ್ವಂತ ಆಸ್ತಿಗೆ ಕೈ ಹಾಕಬಹುದೆ?

ಸಾಮಾನ್ಯವಾಗಿ ಇಲ್ಲ, ಷೇರಿಗೆ ಹಾಕಿದಷ್ಟೇ ಹೋಗುತ್ತದೆ. ಆದರೆ ವಂಚನೆ ಸಾಬೀತಾದರೆ ಅಥವಾ ವೈಯಕ್ತಿಕ ಖಾತರಿ ಬರೆದುಕೊಟ್ಟಿದ್ದರೆ ಮಾತು ಬೇರೆ. 2012ರಲ್ಲಿ ಹಾರಾಟ ನಿಲ್ಲಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಸಾಲಕ್ಕೆ ವಿಜಯ್ ಮಲ್ಯ ಖಾತರಿದಾರರಾಗಿದ್ದುದರಿಂದಲೇ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಅವರಿಂದಲೂ 6,203 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ವಸೂಲು ಮಾಡಲು ಬ್ಯಾಂಕುಗಳಿಗೆ ಅನುಮತಿಸಿತು. ದೊಡ್ಡ ಬ್ಯಾಂಕಿಗೆ ಹೀಗೆ ಖಾತರಿ ಬರೆಸಿಕೊಳ್ಳುವ ಶಕ್ತಿಯಿದೆ. ಸಂಬಳ ಬಾಕಿಯಿರುವ ನೌಕರನಿಗೆ, ಮುಂಗಡ ಕೊಟ್ಟು ಫ್ಲಾಟಿಗಾಗಿ ಕಾದಿರುವವನಿಗೆ, ಸಾಮಾನು ಪೂರೈಸಿದ ಪೀಣ್ಯದ ಸಣ್ಣ ಕಾರ್ಖಾನೆಗೆ ಅದಿಲ್ಲ. ಸೀಮಿತ ಹೊಣೆಗಾರಿಕೆಯ ಭಾರ ಕೊನೆಗೆ ಬೀಳುವುದು ಹೀಗೆ ಕರಾರಿನಲ್ಲಿ ತಮ್ಮ ಷರತ್ತು ಸೇರಿಸಲಾಗದವರ ಮೇಲೆ.

ಕಂಪನಿಯನ್ನು ಜೈಲಿಗೆ ಹಾಕಲಾಗದು. ಹಾಗಾದರೆ ಶಿಕ್ಷೆ ಹೇಗೆ?

ಜೈಲುಶಿಕ್ಷೆ ಕಡ್ಡಾಯವಾಗಿರುವ ಅಪರಾಧಕ್ಕೂ ಕಂಪನಿಯ ವಿರುದ್ಧ ಮೊಕದ್ದಮೆ ನಡೆಸಿ ದಂಡ ಹಾಕಬಹುದೆಂದು 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಕಂಪನಿಯನ್ನು ನಡೆಸುವವರ ದುರುದ್ದೇಶವನ್ನು ಕಂಪನಿಯ ದುರುದ್ದೇಶವೆಂದೇ ಪರಿಗಣಿಸಬಹುದೆಂದು ಇರಿಡಿಯಂ ಪ್ರಕರಣದಲ್ಲಿ ಹೇಳಿತು. ಆದರೂ ಈ ಕ್ಷೇತ್ರದಲ್ಲಿ ಸಿದ್ಧಾಂತಕ್ಕೂ ಫಲಿತಾಂಶಕ್ಕೂ ಅಂತರ ದೊಡ್ಡದು. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹರಡಿ ಸಾವಿರಾರು ಜನ ಸತ್ತರು. 1989ರಲ್ಲಿ 47 ಕೋಟಿ ಡಾಲರ್‌ಗೆ ರಾಜಿಯಾಯಿತು. 2010ರಲ್ಲಿ ಕಂಪನಿಯ ಭಾರತೀಯ ಅಧಿಕಾರಿಗಳಿಗೆ ವಿಧಿಸಿದ ಶಿಕ್ಷೆ ಎರಡು ವರ್ಷ. ಭೋಪಾಲದ ಬಿಸಿ ಆರುವ ಮುನ್ನವೇ ದೆಹಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವರಿಗೆ ಯಾವ ವಿನಾಯಿತಿಯೂ ಇಲ್ಲದ ಸಂಪೂರ್ಣ ಹೊಣೆಯ ತತ್ವವನ್ನು ರೂಪಿಸಿತ್ತು. ಭೋಪಾಲದವರಿಗೆ ಅದು ದಕ್ಕಲಿಲ್ಲ.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2023ರ ಜನ ವಿಶ್ವಾಸ್ ಅಧಿನಿಯಮ 42 ಕೇಂದ್ರ ಕಾಯ್ದೆಗಳ 183 ಉಪಬಂಧಗಳಲ್ಲಿ ಶಿಕ್ಷೆಯನ್ನು ಸಡಿಲಿಸಿತು. ನಮೂನೆಯೊಂದನ್ನು ತಡವಾಗಿ ಸಲ್ಲಿಸಿದ್ದಕ್ಕೆ ಜೈಲಿನ ಬೆದರಿಕೆ ಒಡ್ಡುವುದು ಲಂಚಕ್ಕೆ ದಾರಿ ಎಂಬ ವಾದದಲ್ಲಿ ಹುರುಳಿದೆ. ಆದರೆ ತಡವಾದ ನಮೂನೆಯನ್ನೂ ಜನರ ಆರೋಗ್ಯಕ್ಕೆ ಕುತ್ತು ತರುವ ಮಾಲಿನ್ಯವನ್ನೂ ‘ಸುಗಮ ವ್ಯವಹಾರ’ ಎಂಬ ಒಂದೇ ಚೀಲಕ್ಕೆ ತುಂಬಬಾರದು.

ತಪ್ಪು ಮಾಡಿದ ಕಂಪನಿಯನ್ನೇ ಮುಗಿಸಬಹುದೆ?

ಮುಗಿಸಬಹುದು, ಬೆಂಗಳೂರಿನಲ್ಲೇ ಮುಗಿಸಿದ್ದಾರೆ. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ ನಡುವೆ 2005ರಲ್ಲಿ ಉಪಗ್ರಹ ತರಂಗಾಂತರದ ಕರಾರಾಯಿತು, 2011ರಲ್ಲಿ ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರದ ತೀರ್ಪು ಸಿಕ್ಕಿತು. ಆ ಬಳಿಕ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ವಂಚನೆಯ ಉದ್ದೇಶಕ್ಕಾಗಿಯೇ ಹುಟ್ಟಿದ ಕಂಪನಿಯಿದು ಎಂದು 2021ರ ಮೇ ತಿಂಗಳಿನಲ್ಲಿ ದೇವಾಸ್‌ನ ಸಮಾಪನಕ್ಕೆ ಆದೇಶಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೂಡಿಕೆದಾರರು ವಿದೇಶಿ ನ್ಯಾಯಾಲಯಗಳಲ್ಲಿ ಹೋರಾಟ ಮುಂದುವರಿಸಿದರು. ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳು ವಿದೇಶಿ ಹೂಡಿಕೆದಾರನಿಗೆ ಕೊಡುವ ಹಕ್ಕು ನಮ್ಮ ಸಂವಿಧಾನದ ಹೊರಗಿನದು, ಸ್ಥಳೀಯ ಉದ್ಯಮಿಗೆ ಅದು ಇಲ್ಲವೇ ಇಲ್ಲ.

ನಿಯಂತ್ರಣ ಹೆಚ್ಚಿದರೆ ಕಂಪನಿಗಳು ಬೆಂಗಳೂರು ಬಿಟ್ಟು ಹೋಗುತ್ತವೆ ಎಂಬುದು ನಿಜವೆ?

ಹಾಗೆ ಹೇಳುವುದು ಒಂದು ವಾದವೂ ಹೌದು, ಒಂದು ಒತ್ತಡ ತಂತ್ರವೂ ಹೌದು. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮ ವಲಯದ ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಹರಿಯಾಣದ ಇಂಥದೇ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರಲ್ಲೇ ರದ್ದುಪಡಿಸಿದ್ದರಿಂದ ಮಸೂದೆಗೆ ಕಾನೂನಿನ ಅಪಾಯವಿತ್ತು ಎಂಬುದು ಸರಿ. ಆದರೆ ನಮ್ಮ ಮಸೂದೆ ನಿಂತದ್ದು ಕೋರ್ಟಿನಲ್ಲಲ್ಲ. ಅದರ ಹಿತಾಹಿತಗಳು ಸದನದಲ್ಲಿ ಚರ್ಚೆಗೇ ಬರಲಿಲ್ಲ.

ಆ್ಯಪ್ ವೇದಿಕೆಗಳ ಮೂಲಕ ಕೆಲಸ ಪಡೆಯುವ ಗಿಗ್ ಕಾರ್ಮಿಕರ ಕಾಯ್ದೆಯ ಹಾದಿ ಬೇರೆಯಾಯಿತು. ಕರಡಿಗೆ ಉದ್ಯಮ ಸಂಘಗಳಿಂದ ವಿರೋಧ ಬಂದರೂ ಸರ್ಕಾರ 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಅಧಿನಿಯಮವಾಗಿ ಅದನ್ನು ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ವೇದಿಕೆಗಳು ಕಟ್ಟಬೇಕು. ಕೆಲಸದಿಂದ ತೆಗೆಯಲು ಕಾರಣ ಕೊಡಬೇಕು. ಗಣಕ ವ್ಯವಸ್ಥೆ ತನ್ನ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತದೆಂದು ತಿಳಿಯುವ ಹಕ್ಕು ಕಾರ್ಮಿಕನಿಗಿದೆ. ಆ್ಯಪ್ ತೆರೆದಾಗ ಖಾತೆಯೇ ಬಂದಾಗಿರುವುದನ್ನು ಕಂಡು ಯಾರನ್ನು ಕೇಳಬೇಕೆಂದು ತಿಳಿಯದೆ ನಿಲ್ಲುವ ಡೆಲಿವರಿ ಹುಡುಗನಿಗೆ ಶುಲ್ಕಕ್ಕಿಂತ ದೊಡ್ಡದು ಕೊನೆಯ ಎರಡು ಅಂಶಗಳು ಎಂಬುದು ನನ್ನ ಎಣಿಕೆ. ನಿಯಂತ್ರಣ ಹೆಚ್ಚೋ ಕಡಿಮೆಯೋ ಎಂದು ತೂಗುವ ಬದಲು ಅದು ಯಾರ ಕೈಗೆ ಪ್ರಶ್ನಿಸುವ ಅವಕಾಶ ಕೊಡುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತ. ಇನ್‌ಸ್ಪೆಕ್ಟರನ ಕೈಗೆ ಮಾತ್ರ ಅಧಿಕಾರ ಕೊಡುವ ನಿಯಮಗಳನ್ನು ನಾನೂ ಸಂಶಯದಿಂದಲೇ ನೋಡುತ್ತೇನೆ.

ತನಿಖೆಯನ್ನೇ ಕೋರ್ಟಿನಲ್ಲಿ ಪ್ರಶ್ನಿಸುವುದು ಕಂಪನಿಯ ಹಕ್ಕಲ್ಲವೆ?

ಹಕ್ಕು ಹೌದು. ಕೆಲವೇ ಮಾರಾಟಗಾರರಿಗೆ ಆದ್ಯತೆ ಕೊಡುತ್ತಿವೆ ಎಂಬ ದೂರಿನ ಮೇಲೆ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿದ್ದು 2020ರ ಜನವರಿಯಲ್ಲಿ. ಕರ್ನಾಟಕ ಹೈಕೋರ್ಟಿನ ತಡೆಯಾಜ್ಞೆ, 2021ರ ಜೂನ್‌ನಲ್ಲಿ ಅರ್ಜಿಯ ವಜಾ, ಜುಲೈನಲ್ಲಿ ವಿಭಾಗೀಯ ಪೀಠದಿಂದ ಮೇಲ್ಮನವಿಯ ವಜಾ, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನಿರಾಕರಣೆ, ಇಷ್ಟಾದ ಮೇಲೆ ತನಿಖೆ ಮುಂದುವರಿಯಿತು. ವರದಿ ಬಂದ ಬಳಿಕ ಮಾರಾಟಗಾರರು ಬೇರೆ ಬೇರೆ ಹೈಕೋರ್ಟ್‌ಗಳ ಬಾಗಿಲು ತಟ್ಟಿದರು. ಪ್ರತಿಯೊಂದು ಅರ್ಜಿಯೂ ಕಾನೂನುಬದ್ಧವೇ. ಆದರೆ ಚಿಕ್ಕ ಅಂಗಡಿಯವನ ಪಾಲಿಗೆ ಐದು ವರ್ಷವೆಂದರೆ ಅಂಗಡಿ ಉಳಿಯುವ ಅಥವಾ ಮುಚ್ಚುವ ಕಾಲಾವಧಿ.

ಕೆರೆಗೂ ನದಿಗೂ ವ್ಯಕ್ತಿಯ ಸ್ಥಾನ ಕೊಡಬಾರದೇಕೆ?

ಉತ್ತರಾಖಂಡ ಹೈಕೋರ್ಟ್ 2017ರಲ್ಲಿ ಗಂಗೆ, ಯಮುನೆಗಳಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದೇ ವರ್ಷ ತಡೆ ನೀಡಿತು. ಬೆಳ್ಳಂದೂರು ಕೆರೆಯ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ಹೊರಿಸಿದ್ದು ಯಾವ ವ್ಯಕ್ತಿತ್ವದ ಘೋಷಣೆಯೂ ಇಲ್ಲದೆ. ಕೆರೆಗೆ ಹಕ್ಕು ಕೊಟ್ಟರೂ ಅದರ ಪರವಾಗಿ ಮಾತಾಡುವ ಪೋಷಕ ಯಾರು ಎಂಬುದು ಬಗೆಹರಿಯದೆ ಪ್ರಯೋಜನವಿಲ್ಲ.

ಕಂಪನಿಯ ವಿರುದ್ಧ ನಾಗರಿಕ ತನ್ನ ಮೂಲಭೂತ ಹಕ್ಕನ್ನು ಜಾರಿ ಮಾಡಿಸಬಹುದೆ?

2023ರ ಜನವರಿ 3ರ ಕೌಶಲ್ ಕಿಶೋರ್ ತೀರ್ಪಿನಲ್ಲಿ ಸಂವಿಧಾನ ಪೀಠದ ಬಹುಮತ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಸರ್ಕಾರದ ಹೊರಗಿನವರ ವಿರುದ್ಧವೂ ಜಾರಿ ಮಾಡಿಸಬಹುದೆಂದಿತು. ಕಂಪನಿಗಳ ಮಟ್ಟಿಗೆ ಇದರ ವ್ಯಾಪ್ತಿ ಇನ್ನೂ ಪರೀಕ್ಷೆಗೆ ಒಳಗಾಗಬೇಕಿದೆ.

ಒಂದು ಕಂಪನಿಯ ಬಗ್ಗೆ ನಾನೇ ತಿಳಿದುಕೊಳ್ಳಲು ಏನು ಮಾಡಬೇಕು?

ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾವುದೇ ಕಂಪನಿಯ ನೋಂದಣಿ ವಿವರ, ನಿರ್ದೇಶಕರ ಹೆಸರು, ಅಡಮಾನಗಳ ಪಟ್ಟಿ ಸಿಗುತ್ತವೆ. ನಿಗದಿತ ಶುಲ್ಕ ಕಟ್ಟಿದರೆ ಅದು ಸಲ್ಲಿಸಿರುವ ಲೆಕ್ಕಪತ್ರಗಳನ್ನೂ ನೋಡಬಹುದು. ಕರ್ನಾಟಕದ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಇರುವುದು ಕೋರಮಂಗಲದ ಕೇಂದ್ರೀಯ ಸದನದಲ್ಲಿ. ಖಾಸಗಿ ಕಂಪನಿಗೆ ಮಾಹಿತಿ ಹಕ್ಕಿನಡಿ ನೇರವಾಗಿ ಅರ್ಜಿ ಹಾಕಲಾಗದು. ಆದರೆ ಕಾನೂನಿನ ಪ್ರಕಾರ ಸರ್ಕಾರಿ ಪ್ರಾಧಿಕಾರವೊಂದು ಆ ಕಂಪನಿಯಿಂದ ಪಡೆಯಬಹುದಾದ ಮಾಹಿತಿಯನ್ನು ಆ ಪ್ರಾಧಿಕಾರದಿಂದ ಕೇಳಲು ಕಾಯ್ದೆಯ 2(ಎಫ್) ಸೆಕ್ಷನ್ ಅವಕಾಶ ಕೊಟ್ಟಿದೆ. ಉದಾಹರಣೆಗೆ, ನಿಮ್ಮ ಬಡಾವಣೆಯ ಪಕ್ಕದ ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿರುವ ಸಮ್ಮತಿಪತ್ರ, ಅದರ ಷರತ್ತುಗಳು ಮತ್ತು ತಪಾಸಣಾ ವರದಿಗಳ ಪ್ರತಿಯನ್ನು ಮಂಡಳಿಯಿಂದಲೇ ಕೇಳಬಹುದು. ವ್ಯಾಪಾರದ ಗುಟ್ಟು ಎಂಬ ಕಾರಣ ಕೊಟ್ಟು ನಿರಾಕರಿಸಿದರೆ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ವಿಶಾಲ ಸಾರ್ವಜನಿಕ ಹಿತವಿದ್ದರೆ ಅಂಥ ಮಾಹಿತಿಯನ್ನೂ ಕೊಡಬೇಕೆಂದು 8(1)(ಡಿ) ಸೆಕ್ಷನ್ನೇ ಹೇಳುತ್ತದೆ.